ಅಜ್ಜಿ ಮನೆಗೆ ನಾವು ಹಾಕಿದ ಮ್ಯೂಸಿಕ್ಕು

40 ಸೆಕೆಂಡಿನ ಆ ವಿಡಿಯೋ ನಿಮ್ಮಲ್ಲಿ ಕೆಲವರ ಫೋನಿಗೂ ಬಂದಿರಬಹುದು. ಕೆರೆ ಏರಿಯ ಕೆಳಗೆ ಒಂಟಿ ಹೆಂಚಿನ ಮನೆ. ಕತ್ತಲು. ಒಳಗಿನಿಂದ ಗರ್ರ್... ಗರ್ರ್... ಅಂತ ಸದ್ದು. ಅದರ ಹಿಂದೆ ಎದೆ ನಡುಗಿಸುವಂಥ ಮ್ಯೂಸಿಕ್ಕು. ಕೊನೆಗೆ ಬಾಗಿಲು ಸ್ವಲ್ಪ ತೆರೆದು, ಒಂದು ಬಿಳಿ ತಲೆ ಕಾಣಿಸುತ್ತಿದ್ದ ಹಾಗೇ ಕಿಟಾರನೆ ಕಿರುಚಿದ ಶಬ್ದ. ಅಲ್ಲಿಗೆ ಕಟ್. ಕೆಳಗೆ 'ಪೂರ್ತಿ ವಿಡಿಯೋಗೆ ಲಿಂಕ್ ಒತ್ತಿ' ಅಂತ ಬರಹ.

ಅದನ್ನು ಮಾಡಿದ್ದು ನಾವೇ.

ಹಾರರ್ ಸಿನಿಮಾದಲ್ಲಿ ಸದ್ದು ಹೇಗೆ ಕೆಲಸ ಮಾಡುತ್ತದೆ ಅಂತ ಬರೆಯಬೇಕು ಅಂತ ಬಹಳ ದಿನದಿಂದ ಇತ್ತು. ಬರೆಯಲು ಕುಳಿತಾಗಲೆಲ್ಲ ಆ 40 ಸೆಕೆಂಡು ಅಡ್ಡ ಬರುತ್ತಿತ್ತು. ಅದನ್ನು ಬಿಟ್ಟು ಬರೆದರೆ ಕಳ್ಳತನವಾಗುತ್ತದೆ. ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇವೆ.

ಎರಡು ವರ್ಷದ ಹಿಂದೆ, ಸಂಕ್ರಾಂತಿಯ ಆಸುಪಾಸು. ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬರುವ ಹುಡುಗರನ್ನು ವ್ಯಾನು ಬೆಳಗಿನ ಜಾವ ಮೂರು ಗಂಟೆಗೆ ಏರಿ ಮೇಲೆ ಇಳಿಸಿ ಹೋಗುತ್ತದೆ. ಅಲ್ಲಿಂದ ಅವರು ಪಕ್ಕದ ಊರಿಗೆ ನಡೆದು ಹೋಗಬೇಕು. ವರ್ಷಗಟ್ಟಲೆ ಬೀಗ ಬಿದ್ದಿದ್ದ ಆ ಮನೆಯಿಂದ ರಾತ್ರಿ ಏನೋ ಸದ್ದು ಬರುತ್ತಿದೆ ಅಂತ ಅವರಲ್ಲೊಬ್ಬ ನಮಗೆ ಫೋನ್ ಮಾಡಿದ. ಸ್ಟ್ರಿಂಗರ್ ಅಂದರೆ ನಿಮಗೆ ಗೊತ್ತಲ್ಲ, ಸಂಬಳ ಇಲ್ಲ, ಸುದ್ದಿ ಹೋದರೆ ದುಡ್ಡು. ಆ ತಿಂಗಳು ಹೋಗಿದ್ದು ಎರಡೇ ಸುದ್ದಿ. ಬೈಕಿನ ಕಂತು ಹಾಗೇ ನಿಂತಿತ್ತು.

ಕ್ಯಾಮೆರಾ ಹಿಡಿಯುವ ಹುಡುಗನನ್ನು ಕರೆದುಕೊಂಡು ಹೋಗಿ ಹುಣಸೆ ಮರದ ಕೆಳಗೆ ಕುಳಿತೆವು. ಮೂರೂಕಾಲು ಆಗಿತ್ತೋ ಏನೋ, ಸದ್ದು ಶುರುವಾಯಿತು. ಹುಡುಗ ನಮ್ಮ ಅಂಗಿ ಹಿಡಿದುಕೊಂಡ. "ಏನಣ್ಣ ಅದು?" ಅಂದ. ಅವನಿಗೆ ಇಪ್ಪತ್ತೆರಡು. ನಮಗೆ ಮಾತ್ರ ಒಂದೇ ಗಳಿಗೆಗೆ ಗೊತ್ತಾಯಿತು. ಚಿಕ್ಕವರಿದ್ದಾಗ ನಮ್ಮಜ್ಜಿಯ ತೊಡೆ ಮೇಲೆ ತಲೆ ಇಟ್ಟು ಅದೇ ಸದ್ದಿಗೆ ನಿದ್ದೆ ಹೋದವರು ನಾವು. ಅದು ರಾಗಿ ಬೀಸುವ ಕಲ್ಲು.

ಬಾಗಿಲು ತಟ್ಟಿದೆವು. ಎಪ್ಪತ್ತು ದಾಟಿದ ಅಜ್ಜಿ. ಬೆಂಗಳೂರಲ್ಲಿ ಮಗನ ಮನೆಯಲ್ಲಿದ್ದು, ಸರಿಬರದೆ, ಯಾರಿಗೂ ಹೆಚ್ಚು ಹೇಳದೆ ಮೂರು ತಿಂಗಳ ಹಿಂದೆ ಊರಿಗೆ ಬಂದು ಬೀಗ ತೆಗೆದಿದ್ದಾರೆ. "ನಿದ್ದೆ ಬರಾಕಿಲ್ಲ ಕಣಪ್ಪ. ಸುಮ್ನೆ ಬಿದ್ಕಂಡು ಸೂರು ನೋಡೋದ್ಕಿಂತ ಎರಡು ಮುದ್ದೆಗಾಗೋವಷ್ಟು ಬೀಸ್ಕೊತೀನಿ. ಮಿಲ್ಲಿನ ಹಿಟ್ಟು ಬಿಸಿ ಆಗ್ಬಿಟ್ಟಿರ್ತದೆ, ಮುದ್ದೆ ಸರಿಯಾಗಲ್ಲ" ಅಂದರು. ಒಳಗೆ ಪಕ್ಕದ ಬೀದಿಯ ಒಂಬತ್ತು ವರ್ಷದ ಹುಡುಗಿ ಕಂಬಳಿ ಹೊದ್ದು ಮಲಗಿತ್ತು. ಒಂಟಿ ಜೀವಕ್ಕೆ ಜೊತೆ ಇರಲಿ ಅಂತ ದಿನಾ ರಾತ್ರಿ ಬಂದು ಮಲಗುತ್ತಿದ್ದ ಮಗು.

ನಾವು ಮಾಡಿದ ನಾಲ್ಕು ನಿಮಿಷದ ಸುದ್ದಿ ಸುಳ್ಳಾಗಿರಲಿಲ್ಲ. ಸದ್ದಿನಿಂದ ಶುರುವಾಗಿ, ಕಲ್ಲು ತೋರಿಸಿ, ಅಜ್ಜಿಯ ಮಾತಿಗೆ ಮುಗಿಯುತ್ತಿತ್ತು. ಡೆಸ್ಕಿನಿಂದ ಫೋನ್ ಬಂತು. "ಚೆನ್ನಾಗಿದೆ. ಆದರೆ ಬೀಸೋಕಲ್ಲು ಅಂತ ಮೊದಲೇ ಗೊತ್ತಾದ್ರೆ ಯಾರ್ ನೋಡ್ತಾರೆ? ಒಂದು ಪ್ರೋಮೋ ಮಾಡಿ ಕಳಿಸಿ, ಸ್ವಲ್ಪ ಎಫೆಕ್ಟ್ ಇರಲಿ." ಅವರನ್ನು ದೂರಿ ಪ್ರಯೋಜನವಿಲ್ಲ. ಎಫೆಕ್ಟ್ ಹುಡುಕಿ ಹಾಕಿದ ಬೆರಳು ನಮ್ಮದು.

ಫೋನಿನ ಎಡಿಟಿಂಗ್ ಆ್ಯಪಿನಲ್ಲಿ ಮ್ಯೂಸಿಕ್ಕುಗಳನ್ನು ವಿಂಗಡಿಸಿ ಇಟ್ಟಿರುತ್ತಾರೆ. ನಗು, ದುಃಖ, ದೇವರು, ಮದುವೆ, ಹಾರರ್. ಕೈಗೆ ಮೊದಲು ಸಿಕ್ಕಿದ್ದು ಕೊಳಲಿನದು. ಅದನ್ನು ಹಾಕಿ ನೋಡಿದರೆ ಬಾಗಿಲ ಸಂದಿಯಲ್ಲಿ ಕಾಣುವ ಬಿಳಿ ತಲೆ ಅಯ್ಯೋ ಪಾಪ ಅನ್ನಿಸಿತು, ಮಕ್ಕಳು ಕೈಬಿಟ್ಟ ತಾಯಿ. ಆಮೇಲೆ ಡೋಲಕ್ಕಿನದು ಹಾಕಿದೆವು. ಅದೇ ತಲೆ ಈಗ ನಗೆನಾಟಕದ ಅಜ್ಜಿ, ಇನ್ನೇನು ಪೊರಕೆ ಹಿಡಿದು ಹೊರಗೆ ಬರುತ್ತಾಳೆ ಅನ್ನಿಸುವಂತೆ. ಮೂರನೆಯದು ಹಾರರ್. ದಪ್ಪನೆಯ ಗುಂಯ್ ಎನ್ನುವ ಒಂದೇ ಸ್ವರ, ನಡುವೆ ಎಲ್ಲೋ ಕಬ್ಬಿಣ ಉಜ್ಜಿದ ಹಾಗೆ, ಆಮೇಲೆ ಎರಡು ಸೆಕೆಂಡು ಏನೂ ಇಲ್ಲ, ಆಮೇಲೆ ಕಿರುಚು.

ಅಜ್ಜಿ ಮೂರರಲ್ಲೂ ಮಾಡಿದ್ದು ಒಂದೇ ಕೆಲಸ. ಯಾರು ಬಂದರು ಅಂತ ಬಾಗಿಲು ತೆಗೆದು ನೋಡಿದ್ದು, ಅಷ್ಟೇ.

ನೀವೂ ಬೇಕಾದರೆ ಇವತ್ತೇ ಮಾಡಿ ನೋಡಬಹುದು. ನಿಮ್ಮನ್ನು ತುಂಬ ಹೆದರಿಸಿದ ಸಿನಿಮಾದ ಒಂದು ದೃಶ್ಯ ಹಾಕಿ, ಫೋನ್ ಮ್ಯೂಟ್ ಮಾಡಿ. ಕತ್ತಲ ಕೋಣೆಯಲ್ಲಿ ಯಾರೋ ಮೆಲ್ಲಗೆ ನಡೆಯುತ್ತಿರುತ್ತಾರೆ. ಕರೆಂಟು ಹೋದಾಗ ನಾವೆಲ್ಲ ಮನೆಯಲ್ಲಿ ನಡೆಯುವ ಹಾಗೇ.

ಈ ಪಾಠವನ್ನು ನಮಗೆ ಹೇಳಿಕೊಟ್ಟಿದ್ದರು ಕೂಡ. ಡಿಪ್ಲೊಮಾ ಓದುವಾಗ ಒಬ್ಬರು ಮೇಷ್ಟ್ರು ಮೊದಲ ದಿನವೇ ಒಂದು ಸಿನಿಮಾ ತುಣುಕನ್ನು ಸದ್ದಿಲ್ಲದೆ ತೋರಿಸಿದರು. ಕಪ್ಪು ಬಿಳುಪು. ಸ್ನಾನ ಮಾಡುವ ಹೆಂಗಸು, ಪರದೆಯ ಆಚೆ ನೆರಳು, ಎತ್ತಿದ ಚಾಕು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮೇಷ್ಟ್ರು ಏನೂ ಹೇಳದೆ ಅದನ್ನೇ ಸದ್ದು ಕೊಟ್ಟು ಹಾಕಿದರು. ಎರಡನೇ ಸಲ ಯಾರೂ ನಗಲಿಲ್ಲ.

ಅದು ಆಲ್ಫ್ರೆಡ್ ಹಿಚ್‌ಕಾಕ್ ಅವರ 1960ರ 'ಸೈಕೋ'. ಸಂಗೀತ ಬರ್ನಾರ್ಡ್ ಹರ್ಮನ್ ಅವರದು. ಇಡೀ ಸಿನಿಮಾಕ್ಕೆ ಅವರು ಬಳಸಿದ್ದು ಬರೀ ತಂತಿ ವಾದ್ಯಗಳು. ಪಿಟೀಲು ಮತ್ತು ಅದರ ಅಣ್ಣತಮ್ಮಂದಿರು, ಅಷ್ಟೇ. ಡ್ರಮ್ಮಿಲ್ಲ, ಊದುವ ವಾದ್ಯವಿಲ್ಲ. ಕಚೇರಿಯಲ್ಲಿ ನಾವು ಭಕ್ತಿಯಿಂದ ಕೇಳುವ ಪಿಟೀಲಿನ ಜಾತಿಯೇ ಅಲ್ಲಿ ಹಕ್ಕಿಯ ಕತ್ತು ಹಿಸುಕಿದ ಹಾಗೆ ಕಿರುಚುತ್ತದೆ.

ಹಿಚ್‌ಕಾಕ್‌ಗೆ ಆ ಸ್ನಾನದ ದೃಶ್ಯಕ್ಕೆ ಸಂಗೀತವೇ ಬೇಡ ಅಂತ ಇತ್ತು. ನೀರು ಬೀಳುವ ಸದ್ದು, ಹೆಂಗಸಿನ ಕೂಗು, ಇಷ್ಟು ಸಾಕು ಅಂದಿದ್ದರು. ಹರ್ಮನ್ ಕೇಳದೆ ಬರೆದರು. ಕೇಳಿಸಿದ ಮೇಲೆ ಹಿಚ್‌ಕಾಕ್ ಒಪ್ಪಿಕೊಂಡರು. ಸಿನಿಮಾದ ಪರಿಣಾಮದಲ್ಲಿ ಮೂರರಲ್ಲಿ ಒಂದು ಪಾಲು ಸಂಗೀತದ್ದು ಅಂತ ಮುಂದೆ ಅವರೇ ಹೇಳಿದ್ದುಂಟು. ಇನ್ನೊಂದು ವಿಷಯ. ಆ ದೃಶ್ಯದಲ್ಲಿ ಚಾಕು ಮೈಗೆ ಇಳಿಯುವುದನ್ನು ಕ್ಯಾಮೆರಾ ತೋರಿಸುವುದು ಇಲ್ಲವೆನ್ನುವಷ್ಟು ಕಡಿಮೆ. ನೋಡಿದವರು ಮಾತ್ರ ಕಣ್ಣಾರೆ ಕಂಡೆವು ಅನ್ನುತ್ತಾರೆ. ಚುಚ್ಚುವ ಸದ್ದು ಬಂದದ್ದು ಕರಬೂಜದ ಜಾತಿಯ ಒಂದು ಹಣ್ಣಿನಿಂದ. ಹಣ್ಣಿಗೆ ಚಾಕು ಹಾಕಿ ಸದ್ದು ಹಿಡಿದುಕೊಂಡರು. ಕಿವಿ ಕೇಳಿದ್ದನ್ನು ಕಣ್ಣು ತಾನೇ ನೋಡಿದೆ ಅಂತ ಸಾಕ್ಷಿ ಹೇಳಿಬಿಡುತ್ತದೆ.

ಮೇಷ್ಟ್ರು ಇನ್ನೂ ಒಂದನ್ನು ತೋರಿಸಿದ್ದರು. ಪರದೆ ಸರಕ್ಕನೆ ಸರಿಯುವ ತನಕ ಆ ದೃಶ್ಯದಲ್ಲಿ ಸಂಗೀತ ಇಲ್ಲ. ನೀರಿನ ಸದ್ದೊಂದೇ. ನಮ್ಮ ಬಚ್ಚಲಮನೆಯಂಥ ಸದ್ದು. ನಾವು ಮೈಮರೆತು ಕುಳಿತಿರುತ್ತೇವೆ, ಆಗ ಬೀಳುತ್ತದೆ. ಕೊಂದವರು ಹೋದ ಮೇಲೆ ಪಿಟೀಲಿನ ಕಿರುಚು ನಿಂತು ದಪ್ಪ ತಂತಿಗಳು ನಿಧಾನಕ್ಕೆ ಇಳಿಯುತ್ತವೆ, ಆಮೇಲೆ ಅವೂ ಇಲ್ಲ, ಮತ್ತೆ ನೀರು. ಅದೇ ನೀರಿನ ಸದ್ದು ಈಗ ಕೇಳಲಾಗುವುದಿಲ್ಲ.

ಹಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಾತ್ರಿ ಹೊಲದಲ್ಲಿ ನೀರು ಕಟ್ಟಲು ಹೋದವರಿಗೆ ಜೀರುಂಡೆ ಕೂಗಿದರೆ ಭಯವಿಲ್ಲ, ಕೂಗುತ್ತಿದ್ದ ಜೀರುಂಡೆ ತಟಕ್ಕನೆ ನಿಂತರೆ ಭಯ. ಅಲ್ಲೇನೋ ಓಡಾಡಿದೆ ಅಂತ ಅರ್ಥ. ಸಿನಿಮಾದವರು ಕಿರುಚುವ ಮೊದಲು ಎರಡು ಸೆಕೆಂಡು ಸುಮ್ಮನಾಗುವುದು ಅದಕ್ಕೇ.

ಕಿರುಚು ಯಾಕೆ ಹಾಗೆ ತಾಗುತ್ತದೆ ಅನ್ನುವುದಕ್ಕೂ ಒಂದು ಉತ್ತರವಿದೆ. ಅಮೆರಿಕದ ಡೇನಿಯಲ್ ಬ್ಲೂಮ್‌ಸ್ಟೀನ್ ಎಂಬ ವಿಜ್ಞಾನಿ ಮಾರ್ಮಟ್ ಅನ್ನುವ ಪ್ರಾಣಿಯ ಕೂಗನ್ನು ಅಧ್ಯಯನ ಮಾಡಿದವರು. ಅಳಿಲಿನ ಕುಲದ್ದೇ, ಆದರೆ ದೊಡ್ಡದು, ನೆಲದಲ್ಲಿ ಬಿಲ ತೋಡುತ್ತದೆ. ಹೆದರಿದ ಪ್ರಾಣಿ ಗಂಟಲಿನ ತಾಕತ್ತು ಮೀರಿ ಕೂಗಿದಾಗ ಸ್ವರ ಒಡೆಯುತ್ತದೆ. ಆ ಒಡಕನ್ನು ಕೇಳಿದರೆ ಕೇಳಿದವರ ಮೈಯೂ ಎಚ್ಚರವಾಗುತ್ತದೆ. 2010ರಲ್ಲಿ ಅವರು ಮತ್ತು ಜೊತೆಗಾರರು 100ಕ್ಕೂ ಹೆಚ್ಚು ಸಿನಿಮಾಗಳ ದೃಶ್ಯಗಳ ಸದ್ದು ಪರೀಕ್ಷಿಸಿ, ಇಂಥದೇ ಒಡಕು ಸದ್ದುಗಳನ್ನು ಸಿನಿಮಾದವರು ನಮ್ಮ ಮನಸ್ಸು ತಿರುಗಿಸಲು ಬಳಸುತ್ತಾರೆ ಅಂತ ಪ್ರಕಟಿಸಿದರು. ನಾಯಿ ಬಾಯಿಗೆ ಸಿಕ್ಕ ಮೇಕೆ ಮರಿಯ ಕೂಗು ಕೇಳಿದವರು ಹಾಸಿಗೆಯಿಂದ ಎದ್ದು ಓಡುತ್ತಾರೆ. ಏನು ಎತ್ತ ಅಂತ ಯೋಚಿಸಿ ಓಡುವುದಿಲ್ಲ. ಕಾಲು ಮೊದಲು, ಬುದ್ಧಿ ಆಮೇಲೆ.

ನಮ್ಮ ಪ್ರೋಮೋದ ಕಿರುಚು ಅದೇ ಜಾತಿಯದು. ಟಾಕೀಸಿನಲ್ಲಾದರೆ ದಪ್ಪ ಸ್ವರ ಕುರ್ಚಿಯನ್ನೇ ನಡುಗಿಸುತ್ತದೆ. ಫೋನಿನ ಪುಟ್ಟ ಸ್ಪೀಕರಿಗೆ ಆ ದಪ್ಪ ಬರುವುದಿಲ್ಲ, ಅದಕ್ಕೆ ಫೋನಿಗೆ ಮಾಡುವ ದೆವ್ವದ ವಿಡಿಯೋಗಳಲ್ಲಿ ಕಿರುಚೇ ಹೆಚ್ಚು. ಇದೆಲ್ಲ ಗೊತ್ತಿದ್ದೇ ಹಾಕಿದೆವು. ಗೊತ್ತಿಲ್ಲದೆ ಮಾಡಿದ್ದರೆ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

ಇನ್ನೊಂದು ಸಿನಿಮಾ ನೆನಪಾಗುತ್ತದೆ, ಇದು ನಮ್ಮದೇ. ಎಸ್ಸೆಸ್ಸೆಲ್ಸಿ ಓದುತ್ತಿದ್ದಾಗ 2004ರಲ್ಲಿ 'ಆಪ್ತಮಿತ್ರ' ಬಂತು. ಪಿ. ವಾಸು ನಿರ್ದೇಶನ, ಗುರುಕಿರಣ್ ಸಂಗೀತ. 1993ರ ಮಲಯಾಳಂನ 'ಮಣಿಚಿತ್ರತಾಳ್' ಕನ್ನಡಕ್ಕೆ ಬಂದದ್ದು ಹೀಗೆ. ತಾಲ್ಲೂಕಿನ ಟಾಕೀಸಿನಲ್ಲಿ ಒಂದು ಕಡೆಯ ಸ್ಪೀಕರ್ ಕೆಟ್ಟಿತ್ತು. ಆದರೂ ಆ ಅರಮನೆಯಲ್ಲಿ ಗೆಜ್ಜೆ ಸದ್ದು ಬಂದಾಗ ಪಕ್ಕದಲ್ಲಿದ್ದ ಗೆಳೆಯ ನಮ್ಮ ಮೊಣಕೈ ಹಿಂಡಿದ್ದು ಇನ್ನೂ ನೆನಪಿದೆ. ಸೌಂದರ್ಯ ಅವರು ಏಪ್ರಿಲ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು, ಸಿನಿಮಾ ಬಂದದ್ದು ಆಗಸ್ಟಿನಲ್ಲಿ. ಪರದೆಯ ಮೇಲೆ ಅವರು ನಕ್ಕರೂ ಹೊಟ್ಟೆಯಲ್ಲಿ ಏನೋ ಆಗುತ್ತಿತ್ತು.

ಆ ಸಿನಿಮಾ ಕೊನೆಗೆ ಹೇಳುವುದೇನು? ದೆವ್ವ ಇಲ್ಲ. ಗಂಗಾ ಎಂಬ ಹೆಣ್ಣುಮಗಳಿಗೆ ಮನಸ್ಸಿನ ಕಾಯಿಲೆ, ಅದನ್ನು ವಾಸಿ ಮಾಡಲು ಬಂದವರು ವಿಷ್ಣುವರ್ಧನ್ ಮಾಡಿದ ಡಾಕ್ಟರ್ ಪಾತ್ರ. ಕೂತು, ಬಿಡಿಸಿ, ತಿಳಿಯುವ ಹಾಗೆ ಹೇಳುತ್ತಾರೆ. ನಾವು ಟಾಕೀಸಿನಿಂದ ಹೊರಗೆ ಬಂದು ಸೈಕಲ್ ಹತ್ತಿದಾಗ ಮಾತಾಡಿದ್ದು ಮಾತ್ರ ನಾಗವಲ್ಲಿಯ ಬಗ್ಗೆ. ಊರ ದಾರಿಯ ಕತ್ತಲಲ್ಲಿ ಒಬ್ಬ ಬೇಕಂತಲೇ ಸೈಕಲ್ ಬೆಲ್ಲನ್ನು ಗೆಜ್ಜೆಯ ಹಾಗೆ ಅಲುಗಿಸಿದ. ಉಳಿದವರು ಪೆಡಲ್ ತುಳಿದ ವೇಗ ನೋಡಬೇಕಿತ್ತು. ಡಾಕ್ಟರ್ ಹೇಳಿದ ಮಾತು ಟಾಕೀಸಿನಲ್ಲೇ ಉಳಿಯಿತು, ಗೆಜ್ಜೆ ಮನೆ ತನಕ ಬಂತು.

ಅಜ್ಜಿಯ ಸುದ್ದಿಯಲ್ಲೂ ಹಾಗೇ ಆಯಿತು. ನಾಲ್ಕನೇ ನಿಮಿಷದ ಬೀಸೋಕಲ್ಲನ್ನು ನೋಡಿದವರು ಕಡಿಮೆ. 40 ಸೆಕೆಂಡಿನ ಪ್ರೋಮೋ ಗುಂಪಿನಿಂದ ಗುಂಪಿಗೆ ಹಾರಿತು, ಲಿಂಕ್ ಕೂಡ ಉದುರಿಹೋಗಿ. ಎರಡೇ ವಾರದಲ್ಲಿ ಬೇರೆ ಊರುಗಳ ಹುಡುಗರು ರಾತ್ರಿ ಬೈಕಿನಲ್ಲಿ ಬಂದು ರೀಲ್ಸ್ ಮಾಡತೊಡಗಿದರು. ದೆವ್ವ ಹೊರಗೆ ಬರಲಿ ಅಂತ ಹೆಂಚಿಗೆ ಕಲ್ಲು ಹೊಡೆದರು. ಅಜ್ಜಿ ರಾತ್ರಿ ಬೀಸುವುದನ್ನು ನಿಲ್ಲಿಸಿದರು.

ನಮಗೆ ತಿಳಿದದ್ದು ಒಂದು ತಿಂಗಳಾದ ಮೇಲೆ, ಅದೂ ಬೇರೆ ಕೆಲಸಕ್ಕೆ ಆ ಕಡೆ ಹೋದಾಗ. ಮಲಗಲು ಬರುತ್ತಿದ್ದ ಹುಡುಗಿ ಬರುತ್ತಿಲ್ಲ ಅಂದರು ಅಜ್ಜಿ. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು. ಹುಡುಗಿಯ ತಾಯಿಯ ಹತ್ತಿರ ಹೋದೆವು. ಆಯಮ್ಮ ಹಸುವಿಗೆ ಮೇವು ಹಾಕುತ್ತಿದ್ದವರು ಕೈ ಒರೆಸಿಕೊಂಡು ಬಂದು ನಿಂತರು.

"ದೆವ್ವ ಇಲ್ಲ ಅಂತ ನಂಗೂ ಗೊತ್ತು ಕಣಣ್ಣ. ಮಗೂಗೂ ಗೊತ್ತು, ಅದೇ ಎಷ್ಟೋ ಸಲ ಅಜ್ಜಿ ಜೊತೆ ಕಲ್ಲು ತಿರುಗ್ಸೈತೆ. ಆದ್ರೆ ಯಾರ್ದೋ ಫೋನಲ್ಲಿ ಆ ವಿಡಿಯೋ ನೋಡ್ಬಿಡ್ತು. ಈಗ ಕಲ್ಲಿನ ಸದ್ದು ಕೇಳಿದ್ರೆ ಅದರ ಹಿಂದೇನೇ ಆ ಮ್ಯೂಸಿಕ್ಕು ಕಿವೀಲಿ ಬರ್ತದಂತೆ. ಚೀರ್ಕೊಂಡ್ ಎದ್ದು ಕೂತ್ಕೊತದೆ. ಏನ್ ಮಾಡ್ಲಿ ಹೇಳಿ?"

ಹೇಳಲು ನಮ್ಮ ಹತ್ತಿರ ಏನೂ ಇರಲಿಲ್ಲ. ಆ ಹೊತ್ತಿಗೆ ನೆನಪಾದದ್ದು ಜಾನೆಟ್ ಲೀ. 'ಸೈಕೋ'ದಲ್ಲಿ ಸ್ನಾನದ ಮನೆಯಲ್ಲಿ ಸಾಯುವ ಪಾತ್ರ ಮಾಡಿದ ನಟಿ. ಆ ದೃಶ್ಯವನ್ನು ಹೇಗೆ ತೆಗೆದರು, ರಕ್ತದ ಜಾಗದಲ್ಲಿ ಹರಿದದ್ದು ಚಾಕೊಲೇಟ್ ಪಾಕ ಅನ್ನುವುದೆಲ್ಲ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಸಿನಿಮಾ ನೋಡಿದ ಮೇಲೆ ಶವರ್ ಕೆಳಗೆ ನಿಲ್ಲುವುದನ್ನೇ ಬಿಟ್ಟೆ ಅಂತ ಅವರು ಹೇಳಿಕೊಂಡಿದ್ದಾರೆ. ಅವರದು ಹೋಗಲಿ, ಒಪ್ಪಿ ಮಾಡಿದ ಪಾತ್ರ. ಈ ಮಗು ಯಾವ ಪಾತ್ರಕ್ಕೂ ಒಪ್ಪಿರಲಿಲ್ಲ. ಅಜ್ಜಿಯೂ ಒಪ್ಪಿರಲಿಲ್ಲ. ಸಿನಿಮಾದ ದೆವ್ವ ಪರದೆ ಮಡಚಿದರೆ ಹೋಗುತ್ತದೆ. ನಾವು ದೆವ್ವ ಮಾಡಿದ್ದು ಉಸಿರಾಡುವ ಹೆಂಗಸನ್ನು, ವಿಳಾಸ ಇರುವ ಮನೆಯನ್ನು.

ಆ ರಾತ್ರಿ ನಿದ್ದೆ ಬರದೆ ಫೋನಿನಲ್ಲಿ 'ಜಾಸ್' ನೋಡಿದೆವು. 1975ರದು, ಸ್ಟೀವನ್ ಸ್ಪೀಲ್‌ಬರ್ಗ್ ನಿರ್ದೇಶನ, ಜಾನ್ ವಿಲಿಯಮ್ಸ್ ಸಂಗೀತ. ಸಮುದ್ರದ ಶಾರ್ಕ್ ಮೀನು ಜನರನ್ನು ತಿನ್ನುವ ಕತೆ. ಚಿತ್ರೀಕರಣಕ್ಕೆ ಮಾಡಿಸಿದ್ದ ಯಂತ್ರದ ಶಾರ್ಕು ಮೇಲಿಂದ ಮೇಲೆ ಕೆಡುತ್ತಿತ್ತು. ಹಾಗಾಗಿ ಬಹಳ ಹೊತ್ತು ಮೀನೇ ಕಾಣುವುದಿಲ್ಲ, ಅದರ ಬದಲು ಎರಡೇ ಸ್ವರ ಬರುತ್ತವೆ. ಡುಂ-ಡುಂ, ಡುಂ-ಡುಂ, ಹತ್ತಿರ ಬಂದ ಹಾಗೆ ಬೇಗ ಬೇಗ. ಈ ಎರಡು ಸ್ವರದ ಮಾತನ್ನು ಎಲ್ಲರೂ ಹೇಳುತ್ತಾರೆ. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಬೇರೆ ಜಾಗ.

ಒಂದು ಕಡೆ ಇಬ್ಬರು ತುಂಟ ಹುಡುಗರು ರಟ್ಟಿನಲ್ಲಿ ಶಾರ್ಕಿನ ಬೆನ್ನಿನ ರೆಕ್ಕೆ ಮಾಡಿಕೊಂಡು ನೀರಿನಲ್ಲಿ ಈಜುತ್ತಾರೆ. ದಡದ ತುಂಬ ಜನ. ಎಲ್ಲರೂ ಕೂಗಿ, ಒಬ್ಬರನ್ನೊಬ್ಬರು ತುಳಿದು ಓಡುತ್ತಾರೆ. ನೋಡುವ ನಮಗೂ ನಿಜವಾದ ಮೀನೇ ಅನ್ನಿಸಬೇಕು. ಆದರೆ ಆ ಎರಡು ಸ್ವರ ಬರುವುದಿಲ್ಲ. ಡುಂ-ಡುಂ ಇಲ್ಲ. ಮೊದಲು ನೋಡಿದಾಗ ನಾವು ಇದನ್ನು ಗಮನಿಸಿಯೇ ಇರಲಿಲ್ಲ. ಸಿನಿಮಾದಲ್ಲಿ ಜನ ಮೋಸ ಹೋಗುತ್ತಾರೆ, ಸಂಗೀತ ಮಾತ್ರ ಸುಳ್ಳು ಹೇಳುವುದಿಲ್ಲ. ಅಲ್ಲಿ ಮೀನಿಲ್ಲ, ಆದ್ದರಿಂದ ಮೀನಿನ ಸ್ವರವೂ ಇಲ್ಲ. ದುಡ್ಡಿಗಾಗಿ ಕಟ್ಟುಕತೆ ಮಾಡುವವರು ಇಟ್ಟುಕೊಂಡ ಈ ಮರ್ಯಾದೆಯನ್ನು, ನಿಜ ಹೇಳುತ್ತೇವೆ ಅಂತ ಕೊರಳಿಗೆ ಕಾರ್ಡ್ ಹಾಕಿಕೊಂಡ ನಾವು ಇಟ್ಟುಕೊಳ್ಳಲಿಲ್ಲ.

ಪ್ರೋಮೋ ತೆಗೆದುಹಾಕಿ ಅಂತ ಡೆಸ್ಕಿಗೆ ಕೇಳಿದೆವು, ತೆಗೆದರು. ಫೋನಿನಿಂದ ಫೋನಿಗೆ ಹೋದದ್ದನ್ನು ತೆಗೆಯುವವರು ಯಾರು? ಹೊಸದೊಂದು ಮಾಡೋಣ ಅಂತ ಮತ್ತೆ ಹೋದೆವು, ಈ ಸಲ ಬೆಳಕಿರುವಾಗ. ಶೂಟ್ ಮಾಡುವ ಮೊದಲು ಹಳೆಯದನ್ನು ಅಜ್ಜಿಗೆ ತೋರಿಸಬೇಕು ಅನ್ನಿಸಿತು. ಅವರು ಅದುವರೆಗೆ ಅದನ್ನು ನೋಡಿಯೇ ಇರಲಿಲ್ಲ. ಫೋನನ್ನು ಕಣ್ಣಿನ ಹತ್ತಿರ ಹಿಡಿದು ಪೂರ್ತಿ ನೋಡಿದರು. ಕಿರುಚು ಬಂದಾಗ ಬೆಚ್ಚಿದರು, ತಮ್ಮ ಮುಖಕ್ಕೆ ತಾವೇ.

"ಇದು ಕೂಗಿದ್ದು ಯಾರಪ್ಪ? ನಾನಾ?"

"ಅಲ್ಲ ಅಜ್ಜಿ. ನಾವು ಹಾಕಿದ್ದು."

"ಓ" ಅಂದು ಸುಮ್ಮನಾದರು. ಸ್ವಲ್ಪ ಹೊತ್ತಾದ ಮೇಲೆ, "ಒಲೆ ಮೇಲೆ ಕಾಫಿಗೆ ನೀರಿಟ್ಟಿವ್ನಿ, ಕುಡ್ಕೊಂಡೋಗಿ" ಅಂದರು.

ಹೊಸ ವಿಡಿಯೋಗೆ ಏನೂ ಹಾಕಲಿಲ್ಲ. ಕಲ್ಲಿನ ಸದ್ದು, ಅಜ್ಜಿಯ ಬಳೆ, ಹಿಂದೆ ಎಲ್ಲೋ ಕೋಳಿ. ಎರಡು ನಿಮಿಷ. ಅದನ್ನು ನೋಡಿದವರು ಹಳೆಯದನ್ನು ನೋಡಿದವರ ಲೆಕ್ಕದಲ್ಲಿ ಒಂದು ಹಿಡಿಯೂ ಇಲ್ಲ. ಹುಡುಗಿಯ ತಾಯಿಗೆ ಕಳಿಸಿದೆವು. ಮಗುವಿಗೆ ತೋರಿಸಿದೆ, ನೋಡಿತು ಅಂದರು. ರಾತ್ರಿ ಮಲಗಲು ಇನ್ನೂ ಹೋಗುತ್ತಿಲ್ಲವಂತೆ. ಹಗಲು ಸ್ಕೂಲು ಬಿಟ್ಟ ಮೇಲೆ ಒಮ್ಮೊಮ್ಮೆ ಹೋಗಿ ಜಗುಲಿ ಮೇಲೆ ಕುಳಿತು ಬರುತ್ತದಂತೆ.

ಮೊನ್ನೆ ಯುಗಾದಿಗೆ ಮೊದಲು ಆ ದಾರಿಯಲ್ಲಿ ಹೋದಾಗ ಹಾಡುಹಗಲು ಮೂರು ಗಂಟೆಯ ಬಿಸಿಲಲ್ಲಿ ಸದ್ದು ಕೇಳಿಸಿತು. ಬೈಕ್ ನಿಲ್ಲಿಸಿದೆವು. ಅಜ್ಜಿ ಕಲ್ಲನ್ನು ಒಳಗಿನಿಂದ ತಂದು ಜಗುಲಿಯ ಮೇಲೆ ಹಾಕಿಸಿಕೊಂಡಿದ್ದಾರೆ. ಏರಿ ಮೇಲೆ ಹೋಗುವ ಬರುವವರಿಗೆಲ್ಲ ಕಾಣುವ ಹಾಗೆ ಕುಳಿತು, ಒಂದು ಕೈಯಲ್ಲಿ ಗೂಟ ಹಿಡಿದು, ಇನ್ನೊಂದು ಕೈಯಿಂದ ಕಲ್ಲಿನ ಬಾಯಿಗೆ ರಾಗಿ ಸುರಿಯುತ್ತಿದ್ದರು. ಬೆವರು ಕಿವಿಯ ಹಿಂದಿನಿಂದ ಇಳಿಯುತ್ತಿತ್ತು. ಈ ಬಿಸಿಲಲ್ಲಿ ಯಾಕಜ್ಜಿ ಅಂದರೆ, "ಯಾರು ಬೀಸ್ತಾವ್ರೆ ಅಂತ ಕಾಣ್ಲಿ" ಅಂದು ಮತ್ತೆ ಒಂದು ಹಿಡಿ ಹಾಕಿದರು.